ಸೀರಿಯಲ್ ನಿಂತೋಯ್ತು

ಬಾಯಲ್ಲೇ ಮಿಕ್ಸಿ ರಿಪೇರಿ ಮಾಡುವವರು ಲೋಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ, ಇದ್ದಾರೆ. ಹಲೋ ಅಜ್ಜಿಯ ಮೊಮ್ಮಗ ಇದ್ದಾನೆ. ಬಾಯಲ್ಲೇ ಮಿಕ್ಸಿ, ಬಾಯಲ್ಲೇ ಫ್ರಿಜ್ಜು, ಬಾಯಲ್ಲೇ ಬಟ್ಟೆ ಒಗೆಯುವ ಮೆಷೀನು. ಬೆಳಿಗ್ಗೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತರೆ ಸಂಜೆಯವರೆಗೂ ಅವನದು ಒಂದೇ ಮಂತ್ರ: "ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ, ಮೇಡಂ." ಅದಕ್ಕೂ ಬಗ್ಗದ ಯಂತ್ರವಾದರೆ ಎರಡನೆಯ ಮಂತ್ರ: "ನಮ್ಮ ಟೆಕ್ನೀಷಿಯನ್ ಬಂದು ನೋಡ್ತಾರೆ." ಈ ಎರಡು ವಾಕ್ಯಗಳ ಬಲದ ಮೇಲೆ ಅವನ ಹೊಟ್ಟೆ ತುಂಬುತ್ತಿತ್ತು. ಸ್ವಂತ ಕೈಯಿಂದ ಒಂದು ಸ್ಕ್ರೂ ಬಿಚ್ಚಿದವನಲ್ಲ. ಒಮ್ಮೆ ಅಜ್ಜಿಯ ಟಾರ್ಚಿಗೆ ಸೆಲ್ಲು ಹಾಕಲು ಹೋಗಿ, ಉಲ್ಟಾ ಹಾಕಿ, ಟಾರ್ಚೇ ಸತ್ತಿದೆ ಎಂದು ತೀರ್ಪು ಕೊಟ್ಟ ಮಹಾನುಭಾವ. ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು "ಕಂಪ್ಲೇಂಟು" ಎಂದು. ಅವನು ಕಂಪ್ಲೇಂಟ್ ವಿಭಾಗದಲ್ಲಿ ಕೆಲಸ ಮಾಡುವುದರಿಂದ ಬಂದ ಹೆಸರು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಬೀದಿಯವರು ಬೇರೆ ಕಾರಣ ಕೊಡುತ್ತಿದ್ದರು.

ಅವನ ಅಜ್ಜಿಯದೂ ಫೋನಿನ ಕಸುಬೇ. ವಯಸ್ಸಿನ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಕೂತು, ಬೋರ್ಡಿನ ತೂತುಗಳಿಗೆ ತಂತಿ ಚುಚ್ಚಿ ಚುಚ್ಚಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿದವಳು. ಹೆತ್ತ ಸುದ್ದಿ, ಸತ್ತ ಸುದ್ದಿ, ನೆಂಟಸ್ತಿಕೆ, ಜಗಳ, ಎಲ್ಲಕ್ಕೂ ಅವಳ ಕೈಯಿಂದಲೇ ದಾರಿ. ಒಂದು ಹೆಸರು ತಪ್ಪಿಲ್ಲ, ಒಂದು ಅಂಕಿ ತಪ್ಪಿಲ್ಲ ಎಂಬುದು ಅವಳ ಹೆಮ್ಮೆ. ನಿವೃತ್ತಿಯಾದರೂ ಆ ಭಾಷೆ ಅವಳನ್ನು ಬಿಡಲಿಲ್ಲ. ಬಾಗಿಲು ಬಡಿದರೆ "ಹಲೋ". ತರಕಾರಿಯವನು ಕೂಗಿದರೆ "ಹಲೋ". ನಿದ್ದೆಯಲ್ಲಿ ಎಬ್ಬಿಸಿದರೆ "ಲೈನ್ ಬ್ಯುಸಿ ಇದೆ, ಆಮೇಲೆ ಮಾಡಿ" ಎಂದು ಮಗ್ಗುಲು ಬದಲಿಸುತ್ತಿದ್ದಳು. ಹಾಗಾಗಿ ಅವಳು ಹಲೋ ಅಜ್ಜಿ.

ಮೊಮ್ಮಗ ಈ ಕೆಲಸ ಸಿಕ್ಕ ಮೇಲೆ ಅಜ್ಜಿಯ ಮನೆಗೆ ಬಂದು ಸೇರಿಕೊಂಡಿದ್ದ. ವಯಸ್ಸಾದ ಅಜ್ಜಿಯನ್ನು ನೋಡಿಕೊಳ್ಳಲು ಬಂದಿದ್ದೇನೆ ಎಂದು ನೆಂಟರ ಮುಂದೆ ಹೇಳುತ್ತಿದ್ದ. ನೋಡಿಕೊಳ್ಳುವುದೇನೋ ನಡೆಯುತ್ತಿತ್ತು, ಆದರೆ ಅವನ ಬುತ್ತಿ ಕಟ್ಟುವುದು, ಅವನ ಕಾಲುಚೀಲದ ಜೋಡಿ ಹುಡುಕುವುದು, ಅವನನ್ನು ಎಬ್ಬಿಸುವುದು ಎಲ್ಲ ಅಜ್ಜಿಯದೇ. ಅವನು ನೋಡಿಕೊಂಡು ಇರುತ್ತಿದ್ದ, ಅಷ್ಟೆ.

ವರ್ಷದ ಕೊನೆಯ ರಜೆ ನಾಳೆಯಿಂದ ಎನ್ನುವ ದಿನ. ಮಧ್ಯಾಹ್ನ ಊಟ ಮುಗಿಸಿ ಅವನು ತನ್ನ ಕುರ್ಚಿಗೆ ವಾಪಸು ಬಂದಾಗ ಪಕ್ಕದ ಸೀಟಿನ ಹುಡುಗಿ ಎದ್ದು ನಿಂತಿದ್ದಳು. ಅವಳಿಗೆ ಆಫೀಸಿನಲ್ಲಿ "ಮ್ಯೂಟು" ಎಂದು ಹೆಸರು. ಮ್ಯೂಟ್ ಮಾಡಲು ಮರೆತು ಗಿರಾಕಿಗೆ ಕೇಳುವ ಹಾಗೆಯೇ ಗಿರಾಕಿಯನ್ನು ಬೈದಿದ್ದಕ್ಕೆ ಸಿಕ್ಕ ಬಿರುದು. ಆ ಮ್ಯೂಟಿನ ಮುಖ ಈಗ ಸುಣ್ಣ ಬಳಿದಂತಿತ್ತು.

"ನಿಮ್ಮ ಮನೆಯಿಂದ ಫೋನ್ ಬಂದಿತ್ತು ಕಣೋ."

"ನನ್ನ ಮೊಬೈಲು ಲಾಕರಲ್ಲಿದೆಯಲ್ಲ."

"ಹೆಲ್ಪ್‌ಲೈನಿಗೆ ಬಂತು. ಗಾಬರಿ ಆಗ್ಬೇಡ. ಅಜ್ಜಿ ಸೀರಿಯಸ್ ಅಂತೆ."

"ಹಾ?"

"ಅಜ್ಜಿ ಸೀರಿಯಸ್, ನಿಂತೋಯ್ತು, ಬೇಗ ಬಾ ಅನ್ನಿ ಅಂತ. ಅಷ್ಟೇ ಕೇಳಿಸ್ತು. ಲೈನಲ್ಲಿ ಬರೀ ಗೊರಗೊರ."

"ನಿಂತೋಯ್ತಾ? ಏನ್ ನಿಂತೋಯ್ತು?"

ಮ್ಯೂಟು ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅಷ್ಟು ಸಾಕಾಯಿತು. ಮ್ಯಾನೇಜರು "ಧೈರ್ಯ ತಂದ್ಕೊಳ್ಳಪ್ಪಾ, ಹೊರಡು" ಎಂದದ್ದು ಅವನ ಬೆನ್ನಿಗೆ ಕೇಳಿಸಿತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅವನದು. ಫೋನ್ ಮಾಡಿದ್ದು ಯಾರು, ದನಿ ಹೇಗಿತ್ತು ಎಂದು ಒಂದು ಮಾತು ಕೇಳಲಿಲ್ಲ. ಕಂಪನಿಯ ಹೆಲ್ಪ್‌ಲೈನಿಗೆ ಫೋನ್ ಮಾಡಿ, ಭಾಷೆಗೆ ಒಂದನ್ನು ಒತ್ತಿ, ಅಡುಗೆಮನೆ ಯಂತ್ರಕ್ಕೆ ಎರಡನ್ನು ಒತ್ತಿ, ಇಡೀ ಹಾಡು ಕೇಳಿಕೊಂಡು ಕಾಯುವಷ್ಟು ತಾಳ್ಮೆ ಇರುವವರು ತಮ್ಮ ಮನೆಯಲ್ಲಿ ಇರುವುದೇ ಒಬ್ಬರು, ಆ ಒಬ್ಬರೇ ಸೀರಿಯಸ್ ಆಗಿರಬೇಕಾದವರು ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಲಾಕರಿನಿಂದ ಮೊಬೈಲ್ ಕಿತ್ತುಕೊಂಡು ಓಡಿದ. ಬಸ್ಸಿನಲ್ಲಿ ಕೂತು ಮನೆಗೆ ಫೋನ್ ಮಾಡಿದರೆ ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ. ಫೋನು ಎತ್ತದ ಹಲೋ ಅಜ್ಜಿ! ಬೆಳಿಗ್ಗೆ ಅವಳು ಕೊಟ್ಟ ಬುತ್ತಿಯಲ್ಲಿ ಉಪ್ಪು ಕಡಿಮೆ ಎಂದು ಗೊಣಗಿದ್ದು ನೆನಪಾಗಿ ಕಣ್ಣು ತುಂಬಿತು. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲವನ್ನು ಇನ್ನೊಂದು ಬದಿಗೆ ಸರಿಸಿಕೊಂಡಳು.

ಬೀದಿಯ ತಿರುವಿನಲ್ಲಿ ಕ್ಷೌರಿಕ ತನ್ನ ಅಂಗಡಿಯ ಮುಂದೆ ಮಗ್ಗಿನ ನೀರು ಚೆಲ್ಲಲು ಬಾಗಿದ್ದ. ಓಡಿ ಬಂದವನು ಅವನಿಗೆ ಡಿಕ್ಕಿ ಹೊಡೆದ. ನೀರು ಇಬ್ಬರ ಮೇಲೂ ಬಿತ್ತು.

"ಏನ್ ಕಂಪ್ಲೇಂಟೂ, ಕಣ್ಣು ಕಿಸೆಯಲ್ಲಿ ಇಟ್ಕೊಂಡಿದೀಯಾ?"

"ಅಜ್ಜಿ ಸೀರಿಯಸ್!" ಎಂದು ಕೂಗಿ ಅವನು ಮೆಟ್ಟಿಲು ಹತ್ತಿದ.

ಈ ಕೂಗು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನೂ ಅವನು ಯೋಚಿಸಲಿಲ್ಲ. ಯೋಚಿಸುವುದು ಅವನ ವಿಭಾಗವಲ್ಲ.

ಮೂರನೆಯ ಮಹಡಿ. ಬಾಗಿಲು ತೆರೆದೇ ಇತ್ತು. ನುಗ್ಗಿದವನು ಹೊಸ್ತಿಲಲ್ಲೇ ನಿಂತ. ಕಿಟಕಿಯ ಬಳಿ ಎತ್ತರದ ಸ್ಟೂಲು. ಸ್ಟೂಲಿನ ಮೇಲೆ ಹಲೋ ಅಜ್ಜಿ. ಸೀರೆಯನ್ನು ಎತ್ತಿ ಸಿಕ್ಕಿಸಿ, ಹಲ್ಲಿನಲ್ಲಿ ಒಂದು ಕ್ಲಿಪ್ಪು ಕಚ್ಚಿಕೊಂಡು, ಕೊರಳಿಗೆ ಬಣ್ಣಬಣ್ಣದ ಪುಟ್ಟ ಬಲ್ಬುಗಳ ಸರವನ್ನು ಸನ್ಮಾನದ ಹಾರದಂತೆ ಹಾಕಿಕೊಂಡು ನಿಂತಿದ್ದಳು.

"ಹಲೋ," ಎಂದಳು ಅಜ್ಜಿ, ಕ್ಲಿಪ್ಪು ತೆಗೆದು. "ಪರವಾಗಿಲ್ವೇ, ನಿಮ್ಮ ಕಂಪನಿ ಸರ್ವೀಸು ಚೆನ್ನಾಗಿದೆ. ಬೇಗ ಬಂದೆ."

"ಅಜ್ಜಿ, ನೀನು... ನಿಂಗೇನಾಯ್ತು?"

"ನಂಗೇನಾಗತ್ತೆ? ಸ್ಟೂಲ್ ಮೇಲಿದ್ದೆ, ಫೋನ್ ಎತ್ತೋಕಾಗ್ಲಿಲ್ಲ, ಅಷ್ಟೆ. ಸೀರಿಯಲ್ ನಿಂತೋಯ್ತು ಅಂತ ಹೇಳಿದ್ನಲ್ಲ, ಆ ಹುಡುಗಿ ಹೇಳಲಿಲ್ವಾ?"

ಮೊಮ್ಮಗ ಗೋಡೆಗೆ ಒರಗಿ, ಜಾರಿ, ನೆಲದ ಮೇಲೆ ಕೂತ. ಸೀರಿಯಲ್. ಸೀರಿಯಲ್ ಸೆಟ್ಟು. ರಜೆ ಬಂತೆಂದರೆ ಕಿಟಕಿಗೆ ಕಟ್ಟುವ ದೀಪದ ಸರ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದ. ಅಜ್ಜಿಗೆ ವಿಷಯ ತಿಳಿಸಿದಾಗ ಅವಳು ತನ್ನ ಸಾವಿನ ಸುದ್ದಿಗಲ್ಲ, ಬೇರೆಯದಕ್ಕೇ ಕೆಂಡವಾದಳು.

"ಅಷ್ಟು ವರ್ಷ ಬೋರ್ಡ್ ಮುಂದೆ ಕೂತಿದ್ದೀನಿ. ನನ್ನ ಬಾಯಿಂದ ಹೋದ ಒಂದು ಮಾತು ತಪ್ಪಾಗಿ ಮುಟ್ಟಿರಲಿಲ್ಲ. ನಿಮ್ಮ ಆಫೀಸಿನವರು ನನ್ನ ಹೆಸರು ಕೆಡಿಸಿದ್ರು!"

"ಅಜ್ಜಿ, ನೀನು ಸತ್ತೋಗಿದೀಯ ಅಂತ ನಾನು ಬಸ್ಸಲ್ಲಿ ಅತ್ತೆ."

"ಅತ್ತಿಯಾ?" ಅಜ್ಜಿಯ ಮುಖ ಅರಳಿತು. "ಎಷ್ಟು ದೂರ ಅತ್ತೆ? ಪೂರ್ತಿ ದಾರೀನಾ? ಸರಿ, ಕಣ್ಣೊರೆಸ್ಕೊ. ಮುಖ ತೊಳ್ಕೊಂಡು ಬಂದು ಇದನ್ನ ರಿಪೇರಿ ಮಾಡು. ಕತ್ತಲಾಗೋದ್ರೊಳಗೆ ಉರೀಬೇಕು."

"ನಾಳೆ ಮಾಡೋಣ ಬಿಡಜ್ಜಿ."

"ನಾಳೆ ಆಗಲ್ಲ. ಇವತ್ತೇ ಆಗ್ಬೇಕು." ಅವಳು ಕಿಟಕಿಯಾಚೆ ಒಮ್ಮೆ ಕಣ್ಣು ಹಾಯಿಸಿ ಸ್ಟೂಲಿನಿಂದ ಇಳಿದಳು.

ಯಾಕೆ ಇವತ್ತೇ ಎಂಬುದು ಮೊಮ್ಮಗನಿಗೆ ಗೊತ್ತಿತ್ತು. ಎದುರಿನ ಕಟ್ಟಡದ ಮೂರನೆಯ ಮಹಡಿಯಲ್ಲಿ, ಇವರ ಕಿಟಕಿಗೆ ಸರಿಯಾಗಿ ಮುಖ ಕೊಟ್ಟಂತೆ, ಅಜ್ಜಿಯ ತಂಗಿಯ ಕಿಟಕಿ. ಅವಳು ದರ್ಜಿ. ಬೀದಿಯ ಅರ್ಧ ಮಕ್ಕಳ ಶಾಲೆಯ ಅಂಗಿಗೆ ಗುಂಡಿ ಹಾಕಿದವಳು, ಆದ್ದರಿಂದ ಗುಂಡಿ ಅಜ್ಜಿ. ಅಕ್ಕತಂಗಿಯರಿಬ್ಬರಿಗೂ ಮಂಡಿ ಕೈಕೊಟ್ಟು ಮೆಟ್ಟಿಲು ಬೇಡವಾಗಿತ್ತು. ಹಾಗೆಂದು ಒಡನಾಟ ನಿಂತಿರಲಿಲ್ಲ. ದಿನಾ ಸಂಜೆ ಟೀವಿಯಲ್ಲಿ ಒಂದು ಸೀರಿಯಲ್. ಇವಳು ಇಲ್ಲಿ, ಅವಳು ಅಲ್ಲಿ, ಫೋನು ಸ್ಪೀಕರಿಗೆ ಹಾಕಿಕೊಂಡು, ಇಬ್ಬರೂ ಒಟ್ಟಿಗೇ ನೋಡಿ ಒಟ್ಟಿಗೇ ಅದರಲ್ಲಿನ ಅತ್ತೆಗೆ ಶಾಪ ಹಾಕುವುದು.

ಮೂರು ತಿಂಗಳ ಹಿಂದೆ ಆ ಸೀರಿಯಲ್ಲೇ ಮನೆ ಮುರಿಯಿತು. ಅದರಲ್ಲಿ ತಂಗಿ ಅಕ್ಕನಿಗೆ ಒಂದು ಸುಳ್ಳು ಹೇಳಿದಳು. "ತಂಗೀರ ಬುದ್ಧಿನೇ ಅಷ್ಟು" ಎಂದಳು ಹಲೋ ಅಜ್ಜಿ, ಟೀವಿಯ ಕಡೆ ನೋಡುತ್ತ. "ಅಕ್ಕಂದಿರ ಕಣ್ಣು ಇರೋದೇ ತಪ್ಪು ಹುಡುಕೋಕೆ" ಎಂದಿತು ಸ್ಪೀಕರು. ಮಾತಿಗೆ ಮಾತು ಬೆಳೆಯಿತು. ಟೀವಿಯ ಅಕ್ಕತಂಗಿ ಆ ವಾರವೇ ರಾಜಿಯಾದರು. ಇವರು ಆಗಲಿಲ್ಲ. ಅಂದಿನಿಂದ ಸಂಜೆಯಾದರೆ ಎರಡೂ ಕಿಟಕಿಗಳ ಪರದೆ ಸರಕ್ಕನೆ ಮುಚ್ಚುತ್ತಿತ್ತು. ಕೇಳಿದರೆ ಅಜ್ಜಿ, "ಲೈನ್ ಕಟ್ಟಾಗಿದೆ" ಎಂದಷ್ಟೇ ಹೇಳುತ್ತಿದ್ದಳು. ಹೇಳಿ, ಸಂಜೆಯ ಹೊತ್ತು ಟೀವಿ ಹಾಕಿಕೊಂಡು ಬಾಯಿ ಮುಚ್ಚಿ ಕೂರುತ್ತಿದ್ದಳು. ಶಾಪ ಹಾಕಲು ಜೊತೆಯಿಲ್ಲದೆ ಅವಳಿಗೆ ಆ ಅತ್ತೆಯ ಮೇಲೆ ಸಿಟ್ಟೇ ಬರದಂತಾಗಿತ್ತು.

ದೀಪದ ಸರದ್ದೊಂದು ನಿಯಮವಿತ್ತು. ಎರಡು ಸರಗಳನ್ನು ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡದ್ದು. ರಜೆಯ ಹಿಂದಿನ ಸಂಜೆ ಮೊದಲು ಅಕ್ಕನ ಕಿಟಕಿ ಬೆಳಗಬೇಕು. ಅದನ್ನು ನೋಡಿ ತಂಗಿ ತನ್ನದನ್ನು ಹಾಕಬೇಕು. ಇಷ್ಟು ವರ್ಷ ಅದು ಬರೀ ಆಟವಾಗಿತ್ತು. ಈ ವರ್ಷ ಅದರ ಮೇಲೇ ಎಲ್ಲವೂ ನಿಂತಿತ್ತು.

"ನಾನು ಹಾಕ್ತೀನಿ. ಅವಳೂ ಹಾಕಿದ್ರೆ ಮುಗೀತು," ಎಂದಳು ಅಜ್ಜಿ, ಸರವನ್ನು ನೆಲದ ಮೇಲೆ ಹರಡುತ್ತ. "ಯಾರೂ ಯಾರಿಗೂ ತಪ್ಪಾಯ್ತು ಅನ್ನೋದು ಬೇಡ. ಆದ್ರೆ ಇವತ್ತು ನಮ್ಮ ಕಿಟಕಿ ಕತ್ತಲಾಗಿದ್ರೆ ಅವಳು ಏನ್ ತಿಳ್ಕೊಳ್ತಾಳೆ? ಅಕ್ಕ ಇನ್ನೂ ಮುನಿಸ್ಕೊಂಡಿದಾಳೆ ಅಂತ. ಆಮೇಲೆ ಮುಗೀತು. ಅವಳ ಹಟ ನಿಂಗೊತ್ತಿಲ್ಲ."

"ನಿನ್ನ ಹಟ ಗೊತ್ತಲ್ಲ, ಅಂದಾಜು ಸಿಗತ್ತೆ."

"ಬಾಯಿ ಮುಚ್ಕೊಂಡು ಕೆಲ್ಸ ನೋಡು. ದಿನಾ ಊರೋರ ಮೆಷೀನೆಲ್ಲ ರಿಪೇರಿ ಮಾಡ್ತೀಯಲ್ಲ."

ಇಲ್ಲಿ ಅವನಿಗೆ ನಿಜವಾಗಿಯೂ ಸಂಕಟವಾಯಿತು. ತಾನು ರಿಪೇರಿ ಮಾಡುವುದಿಲ್ಲ, ಮಾಡುವವರು ಬರುತ್ತಾರೆ ಎಂದು ಹೇಳುತ್ತೇನೆ ಅಷ್ಟೆ ಎಂಬ ಸತ್ಯವನ್ನು ಅಜ್ಜಿಗೆ ತಿಳಿಸುವ ಧೈರ್ಯ ಅವನಿಗೆ ಎಂದೂ ಬಂದಿರಲಿಲ್ಲ. ಗಂಟಲು ಸರಿಪಡಿಸಿಕೊಂಡ.

"ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ಯಾ ಅಜ್ಜಿ?"

"ಮಾಡಿದೆ."

"ಪ್ಲಗ್ಗು ಸರಿಯಾಗಿ ಕೂತಿದೆಯಾ?"

"ಕೂತಿದೆ."

ಅವನ ವಿದ್ಯೆ ಅಲ್ಲಿಗೆ ಮುಗಿಯಿತು. ಆದರೂ ಕೈಕಟ್ಟಿ ಕೂರಬಾರದೆಂದು ಎದ್ದು ಹೋಗಿ ಗೋಡೆಯ ಸ್ವಿಚ್ಚು ಆಫ್ ಮಾಡಿ, ಆನ್ ಮಾಡಿ, ಆಫ್ ಮಾಡಿ, ಪ್ಲಗ್ಗು ಕಿತ್ತು, ಊದಿ, ಮತ್ತೆ ಚುಚ್ಚಿ, ತುಂಬ ತಿಳಿದವನಂತೆ "ಹೂಂ" ಎಂದ. ಪ್ಲಗ್ಗನ್ನು ಇನ್ನೊಮ್ಮೆ ಕಿತ್ತುಕೊಂಡು ಬಂದು ನೆಲದ ಮೇಲೆ ಕೂತ. ಅಜ್ಜಿಯೂ ಎದುರಿಗೆ ಕಾಲು ಚಾಚಿ ಕೂತಳು. ಈಗ ಎದುರಿನ ಕಿಟಕಿಯಿಂದ ನೋಡುವವರಿಗೆ ಈ ಮನೆಯಲ್ಲಿ ಖಾಲಿ ಸ್ಟೂಲಿನ ಹೊರತು ಏನೂ ಕಾಣುವಂತಿರಲಿಲ್ಲ.

ಕೊನೆಗೆ ಅವನು ಮಾಡಿದ್ದು ಎಲ್ಲ ಗಿರಾಕಿಗಳೂ ಮಾಡುವ ಕೆಲಸ. ಹೆಲ್ಪ್‌ಲೈನಿಗೆ ಫೋನ್ ಮಾಡಿದ. ಒಂದನ್ನು ಒತ್ತಿದ, ಎರಡನ್ನು ಒತ್ತಿದ, ಇಡೀ ಹಾಡು ಕೇಳಿದ. ಆ ಹಾಡು ಇಷ್ಟು ಕೆಟ್ಟದಾಗಿದೆ ಎಂದು ಅವನಿಗೆ ಇವತ್ತೇ ಗೊತ್ತಾದದ್ದು.

"ನಮಸ್ಕಾರ, ನಿಮ್ಮ ಕರೆ ನಮಗೆ ಅಮೂಲ್ಯ..."

"ಮ್ಯೂಟೂ, ನಾನು ಕಣೇ."

"ಅಯ್ಯೋ! ಅಜ್ಜಿ ಹೇಗಿದಾರೋ? ಹೋದ್ರಾ?"

"ಎದುರಿಗೇ ಕೂತು ನಿನ್ನ ಹೆಸರು ಕೇಳ್ತಿದಾರೆ. ಸೀರಿಯಸ್ ಅಲ್ವೇ, ಸೀರಿಯಲ್! ದೀಪದ ಸೀರಿಯಲ್ ನಿಂತೋಯ್ತು ಅಂದಿದ್ದು!"

ಆ ಕಡೆ ಮ್ಯೂಟು ನಕ್ಕ ನಗೆಗೆ ಅಜ್ಜಿ ಫೋನಿನ ಕಡೆ ದುರುಗುಟ್ಟಿದಳು. ನಕ್ಕು ಸುಸ್ತಾದ ಮೇಲೆ ಮ್ಯೂಟು ಹೇಳಿದಳು: "ಕಂಪನಿಗೂ ಸೀರಿಯಲ್ ಸೆಟ್ಟಿಗೂ ಸಂಬಂಧ ಇಲ್ಲ ಸರ್. ಆದ್ರೆ ನಮ್ಮನೇಲಿ ಒಂದಿತ್ತು. ಅದರಲ್ಲಿ ಒಂದು ಬಲ್ಬು ಸತ್ರೆ ಎಲ್ಲಾ ಮಲಗಿಬಿಡ್ತವೆ. ಒಂದೊಂದೇ ಕಿತ್ತು, ಅದರ ಕಾಲಿನ ತಂತೀನ ಟಾರ್ಚ್ ಸೆಲ್ಲಿಗೆ ಮುಟ್ಸಿ ನೋಡು. ಮಿಣಕ್ ಅಂದ್ರೆ ಜೀವ ಇದೆ. ಸುಮ್ನಿದ್ರೆ ಅದೇ ಕಳ್ಳ."

ಅಜ್ಜಿಯ ಟಾರ್ಚು ಬಂತು. ಈ ಸಲ ಸೆಲ್ಲುಗಳನ್ನು ಅಜ್ಜಿಯೇ ಬಿಚ್ಚಿ, ಒಂದರ ತಲೆಗೆ ಇನ್ನೊಂದರ ಬುಡ ಹತ್ತಿಸಿ, ಕಾಗದ ಸುತ್ತಿ ಕಟ್ಟಿಕೊಟ್ಟಳು. ಮೊಮ್ಮಗನ ಉಗುರಿಗೆ ಕೆಲಸ ಬಂತು. ಕಡಲೆ ಗಾತ್ರದ ಬಲ್ಬು, ಅದರ ಬುಡದಲ್ಲಿ ಕೂದಲಿನಂಥ ಎರಡು ತಂತಿ. ಕೆಂಪು ಕಿತ್ತು ಮುಟ್ಟಿಸಿದ. ಮಿಣಕ್. ಹಸಿರು, ಮಿಣಕ್. ಪ್ರತಿಯೊಂದು ಮಿಣುಕಿಗೂ ಅಜ್ಜಿ "ಹಲೋ" ಎಂದಳು. ಸ್ವಲ್ಪ ಹೊತ್ತಿಗೆ ಅದು ಆಟವೇ ಆಯಿತು. ಬೆರಳು ಉರಿಯುತ್ತಿದ್ದರೂ ಅವನಿಗೆ ಖುಷಿ ಹತ್ತಿತು. ಜೀವಮಾನದಲ್ಲಿ ಮೊದಲ ಸಲ ಏನನ್ನೋ ಬಿಚ್ಚಿ, ನೋಡಿ, ಹಾಗೆಯೇ ಸರಿಯಾಗಿ ವಾಪಸು ಸಿಕ್ಕಿಸುತ್ತಿದ್ದ.

ಸರದ ನಡುವೆ ಒಂದು ಹಳದಿ ಸುಮ್ಮನಿತ್ತು. ಗಾಜು ಒಳಗೆ ಮಸಿ ಹಿಡಿದಿತ್ತು.

"ಸಿಕ್ಕಿದ ಕಳ್ಳ!" ಎಂದು ಅವನು ಕುಣಿದ.

"ಕುಣಿಯೋದು ಆಮೇಲೆ. ಪೂರ್ತಿ ನೋಡು," ಎಂದಳು ಅಜ್ಜಿ.

ಅದೂ ಒಳ್ಳೆಯದೇ ಆಯಿತು. ಕೊನೆಯ ಹತ್ತಿರ ಒಂದು ನೀಲಿ ಕೂಡ ಸತ್ತಿತ್ತು. ಕಳ್ಳನಿಗೊಬ್ಬ ಜೊತೆಗಾರ.

ಈಗ ಎರಡು ಹೊಸ ಬಲ್ಬು ಬೇಕು. "ಅಂಗಡೀಲಿ ತರ್ತೀನಿ" ಎಂದು ಮೊಮ್ಮಗ ಎದ್ದ.

"ಈ ತರದ್ದು ಈಗ ಅಂಗಡೀಲಿ ಬರಲ್ಲ. ಈಗಿನದೆಲ್ಲ ಹುಚ್ಚು ಹಿಡಿದ ಹಾಗೆ ಕುಣಿಯೋ ಸರ."

"ಹಂಗಾದ್ರೆ ಹೊಸ ಸರಾನೇ ತರೋಣ."

"ಬೇಡ. ಹೊಸದು ಹಾಕಿದ್ರೆ ಅವಳು, ನೋಡು, ನನ್ನ ಜೊತೆ ತಗೊಂಡಿದ್ದನ್ನ ಎಸೆದಳು ಅಂತಾಳೆ."

"ಸರಿ, ಸತ್ತ ಎರಡೂ ಕಡೆ ತಂತಿಗೆ ತಂತಿ ಗಂಟು ಹಾಕ್ಬಿಡ್ತೀನಿ."

"ಉಳಿದವಕ್ಕೆ ಹೊರೆ ಜಾಸ್ತಿಯಾಗಿ ಅವೂ ಹೋಗ್ತವೆ, ಬೇಡ ಅಂತ ಪೆಟ್ಟಿಗೆ ಮೇಲೇ ಅಚ್ಚು ಹಾಕಿದಾರೆ."

"ಹಾಗಿದ್ರೆ ಪೆಟ್ಟಿಗೆ ಜೊತೆ ಒಂದೆರಡು ಬಲ್ಬು ಹೆಚ್ಚಿಗೆ ಕೊಟ್ಟಿರ್ಬೇಕಲ್ಲ? ಕೊಟ್ಟೇ ಕೊಡ್ತಾರೆ."

ಅಜ್ಜಿ ಸೀರೆಯ ಅಂಚಿನಲ್ಲಿ ಇಲ್ಲದ ಧೂಳು ಕೊಡವಿದಳು.

"ಅಜ್ಜಿ?"

"ಲೈನ್ ಸಿಗ್ತಿಲ್ಲ."

"ಅಜ್ಜೀ!"

"ಕೊಟ್ಟಿದ್ರಪ್ಪಾ. ನಾನು ಎಲ್ಲಾದ್ರೂ ಕಳೀತೀನಿ ಅಂತ ಎರಡು ಸರದ್ದೂ ಅವಳೇ ಇಟ್ಕೊಂಡಳು. ಅವಳ ಗುಂಡಿ ಡಬ್ಬೀಲಿದೆ."

ಮೊಮ್ಮಗ ಕಿಟಕಿಯ ಕಡೆ ನೋಡಿದ. ಬೀದಿಯ ಅಗಲದಷ್ಟೇ ದೂರ. "ಹೋಗಿ ಇಸ್ಕೊಂಡು ಬರ್ತೀನಿ."

"ಕಾಲು ಮುರೀತೀನಿ! ಅವಳ ಹತ್ರ ಬೇಡೋದಾ? ಸತ್ರೂ ಇಲ್ಲ."

"ಅವಳ ಜೊತೆ ರಾಜಿಯಾಗೋಕೆ ದೀಪ ಬೇಕು. ದೀಪ ಬೇಕಂದ್ರೆ ಅವಳನ್ನ ಕೇಳ್ಬೇಕು. ಕೇಳ್ಬೇಕಂದ್ರೆ ರಾಜಿಯಾಗಿರ್ಬೇಕು. ಅಜ್ಜಿ, ನಮ್ಮ ಕಂಪನಿ ಹೆಲ್ಪ್‌ಲೈನೇ ಇದಕ್ಕಿಂತ ವಾಸಿ."

ಅಜ್ಜಿಗೆ ನಗು ಬಂತು, ಆದರೆ ತಡೆದುಕೊಂಡಳು. ಆಮೇಲೆ ಸತ್ತ ಎರಡು ಬಲ್ಬುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತಳು. ಕೋಣೆಯಲ್ಲಿ ಬೆಳಕು ಇಳಿಯುತ್ತಿತ್ತು. ಎದುರು ಕಿಟಕಿಯ ಪರದೆ ಮುಚ್ಚಿಯೇ ಇತ್ತು. "ಮೂರು ತಿಂಗಳಾಯ್ತು ಕಣೋ ಅವಳ ದನಿ ಕೇಳಿ," ಎಂದಳು, ಅವನಿಗಲ್ಲದಂತೆ.

ಆಗಲೇ ಕೆಳಗಿನ ಮೆಟ್ಟಿಲಿನಿಂದ ಒಂದು ದನಿ ಎದ್ದಿತು.

"ಅಕ್ಕಾ! ಹೋಗ್ಬೇಡ್ವೇ ಅಕ್ಕಾ!"

ಅಜ್ಜಿಯ ಕೈಯಿಂದ ಬಲ್ಬು ಜಾರಿತು. ಮೊಮ್ಮಗನಿಗೆ ಕ್ಷೌರಿಕ ನೆನಪಾದ, ಮಗ್ಗಿನ ನೀರು ನೆನಪಾಯಿತು, ತಾನು ಕೂಗಿದ ಕೂಗು ನೆನಪಾಯಿತು. ಕ್ಷೌರಿಕನ ಅಂಗಡಿ ಇರುವುದು ಚಿಕ್ಕಜ್ಜಿಯ, ಅಂದರೆ ಗುಂಡಿ ಅಜ್ಜಿಯ, ಕಟ್ಟಡದ ಬುಡದಲ್ಲೇ. ರಜೆಯ ಹಿಂದಿನ ದಿನದ ಗಿರಾಕಿಗಳ ಸಾಲನ್ನು ಬಿಟ್ಟು ಹೋಗಲಾರದೆ ಅವನು ಅದನ್ನು ಮುಗಿಸಿ, ಆಮೇಲೆ ಸುದ್ದಿ ಮುಟ್ಟಿಸಿರಬೇಕು.

"ನಾನೇ ಹೇಳ್ಬಿಟ್ಟೆ ಅಜ್ಜಿ, ಓಡಿ ಬರುವಾಗ... ತಡಿ, ಹೋಗಿ ನಿಜ ಹೇಳ್ತೀನಿ," ಎಂದು ಅವನು ಬಾಗಿಲಿಗೆ ಹಾರಿದ. ಅಜ್ಜಿ ಅವನ ಅಂಗಿಯ ಹಿಂಭಾಗ ಹಿಡಿದು ಎಳೆದಳು.

"ಶ್! ಪೂರ್ತಿ ಹೇಳಲಿ."

ಮೊದಲ ಮಹಡಿಯಿಂದ ಬಂತು: "ನಿಧಾನ ಅಮ್ಮೋರೇ, ಗೋಡೆ ಹಿಡ್ಕೊಳ್ಳಿ." ಅದು ಕ್ಷೌರಿಕ. "ಬಿಡೋ, ನನ್ನ ಮಂಡಿ ಸುಟ್ಟೋಗ್ಲಿ! ಅಕ್ಕಾ, ನಿನ್ನ ಕಣ್ಣು ತಪ್ಪು ಹುಡುಕೋ ಕಣ್ಣಲ್ಲ ಕಣೇ, ನಾನು ಅಂದಿದ್ದೇ ತಪ್ಪು!"

ಅಜ್ಜಿ ಬಾಗಿಲ ಹಿಂದೆ ನಿಂತು, ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು, ತಲೆದೂಗುತ್ತಿದ್ದಳು.

ಎರಡನೆಯ ಮಹಡಿ. "ಚಿಕ್ಕೋಳಿದ್ದಾಗ ನಿನ್ನ ಕೆಂಪು ರಿಬ್ಬನ್ ಕದ್ದಿದ್ದೂ ನಾನೇ! ಬೆಕ್ಕು ಅಂದಿದ್ದೆ. ಬೆಕ್ಕಲ್ಲ!"

"ನಂಗಾಗ್ಲೇ ಗೊತ್ತಿತ್ತು," ಎಂದು ಅಜ್ಜಿ ಸೆರಗಿನೊಳಗೇ ಪಿಸುಗುಟ್ಟಿದಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಹೊಟ್ಟೆ ನಗುವಿನಿಂದ ಕುಲುಕುತ್ತಿತ್ತು.

ಕೊನೆಯ ಮೆಟ್ಟಿಲುಗಳು. ಏದುಸಿರು. "ತಂಗೀದೇ ತಪ್ಪು ಅಕ್ಕಾ! ಆ ಸೀರಿಯಲ್ಲಲ್ಲೂ ತಂಗೀದೇ ತಪ್ಪು!"

ಇದಾದ ಮೇಲೆ ತಡೆಯುವುದು ಅಜ್ಜಿಯಿಂದ ಆಗಲಿಲ್ಲ. ಬಾಗಿಲು ತೆಗೆದಳು.

"ಹಲೋ," ಎಂದಳು.

ಗುಂಡಿ ಅಜ್ಜಿ ಬಾಯಿ ತೆರೆದುಕೊಂಡು ನಿಂತಳು. ಒಂದು ಕಾಲಿಗೆ ಮನೆಯ ಚಪ್ಪಲಿ, ಇನ್ನೊಂದಕ್ಕೆ ಏನೂ ಇಲ್ಲ. ಕಂಕುಳಲ್ಲಿ ಒಂದು ತಗಡಿನ ಡಬ್ಬಿ. ಹಿಂದೆ ಕ್ಷೌರಿಕ, ಭುಜದ ಮೇಲೆ ಟವೆಲ್ಲು, ಕೈಯಲ್ಲಿ ಇನ್ನೊಂದು ಚಪ್ಪಲಿ.

"ನೀನು... ಸ್ಟೂಲಿಂದ ಬಿದ್ದಿಲ್ವಾ?"

"ನಾನು ಸ್ಟೂಲ್ ಹತ್ತಿದ್ದು ನಿಂಗೆ ಹೇಗೆ ಗೊತ್ತು?"

"ಪರದೆ ಸಂದೀಲಿ ನೋಡ್ತಿದ್ದೆ. ಹತ್ತಿದ್ದು ನೋಡ್ದೆ. ಆಮೇಲೆ ನೋಡಿದ್ರೆ ಸ್ಟೂಲ್ ಖಾಲಿ. ಅಷ್ಟರಲ್ಲಿ ಇವನು ಬಂದು ಸೀರಿಯಸ್ ಅಂದ." ಗುಂಡಿ ಅಜ್ಜಿಯ ದನಿ ಅಲ್ಲಿಗೆ ಏರಿತು. "ಅಂದ್ರೆ ನಿಂಗೇನೂ ಆಗಿಲ್ವಾ? ಬಾಗಿಲ ಹಿಂದೆ ನಿಂತು ಕೇಳಿಸ್ಕೋತಿದ್ಯಾ? ಎಲ್ಲಾ?"

"ರಿಬ್ಬನ್ನು ಕೂಡ."

ಗುಂಡಿ ಅಜ್ಜಿ ಕ್ಷೌರಿಕನ ಕೈಯಿಂದ ಚಪ್ಪಲಿ ಕಿತ್ತುಕೊಂಡು ಎತ್ತಿದಳು. ಎತ್ತಿದ ಕೈ ಹಾಗೇ ಅಕ್ಕನ ಹೆಗಲ ಮೇಲೆ ಬಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ನಗುತ್ತಾರೋ ಅಳುತ್ತಾರೋ ಬೈಯುತ್ತಾರೋ ಗೊತ್ತಾಗದಂತೆ ಹೊಸ್ತಿಲನ್ನೇ ಅಡ್ಡಗಟ್ಟಿ ನಿಂತರು. ಚಪ್ಪಲಿ ಹಲೋ ಅಜ್ಜಿಯ ಬೆನ್ನ ಮೇಲೇ ಇತ್ತು.

"ಹಾಗಾದ್ರೆ ಸೀರಿಯಸ್ ಇಲ್ವಾ?" ಎಂದ ಕ್ಷೌರಿಕ, ಸ್ವಲ್ಪ ನಿರಾಸೆಯಿಂದಲೇ.

"ಸೀರಿಯಲ್ ಅಣ್ಣಾ. ಲ್, ಲ್," ಎಂದ ಮೊಮ್ಮಗ.

"ಒಂದು ಅಕ್ಷರಕ್ಕೆ ನನ್ನ ಅಂಗಡಿ ಬಾಗಿಲು ಹಾಕಿಸಿದ್ಯಲ್ಲೋ ಕಂಪ್ಲೇಂಟೂ!"

ಒಳಗೆ ಬಂದು, ನೀರು ಕುಡಿದು, ಮಂಡಿಗೆ ಬಯ್ದು ಮುಗಿದ ಮೇಲೆ ಹಲೋ ಅಜ್ಜಿ ಡಬ್ಬಿಯ ಕಡೆ ಗದ್ದ ತೋರಿಸಿದಳು. "ಸಾಯೋ ಅಕ್ಕನ್ನ ನೋಡೋಕೆ ಗುಂಡಿ ಡಬ್ಬಿ ತಂದಿದ್ಯಾ? ಹೊಲಿಗೆ ಹಾಕೋಕಾ?"

"ತರ್ಲಿಲ್ಲ, ಬಂತು. ಮಡಿಲಲ್ಲೇ ಇತ್ತು." ಗುಂಡಿ ಅಜ್ಜಿ ಮುಖ ಬೇರೆ ಕಡೆ ತಿರುಗಿಸಿದಳು. "ಮಧ್ಯಾಹ್ನದಿಂದ ನೋಡ್ತಿದ್ದೆ, ಸರ ಕಟ್ತೀಯ, ಸ್ವಿಚ್ ಹಾಕ್ತೀಯ, ಉರಿಯಲ್ಲ. ಬಲ್ಬು ಕೇಳೋಕೆ ಈಗ ಕಳಿಸ್ತಾಳೆ, ಇನ್ನೇನು ಕಳಿ‌ಸ್ತಾಳೆ ಅಂತ ಡಬ್ಬಿ ಇಟ್ಕೊಂಡು ಕೂತಿದ್ದೆ. ನೀನು ಕೇಳಿದ್ರೆ ತಾನೇ!"

ಹಲೋ ಅಜ್ಜಿ ಮೊಮ್ಮಗನ ಕಡೆ ನೋಡಿದಳು. ಮೊಮ್ಮಗ ಛಾವಣಿ ನೋಡಿದ.

ಡಬ್ಬಿ ತೆರೆದರೆ ಬಿಳಿ ಗುಂಡಿ, ಕಂದು ಗುಂಡಿ, ಕೊಕ್ಕೆ, ಮುರಿದ ಜಿಪ್ಪು. ಅವುಗಳ ನಡುವೆ ಬಟ್ಟೆಯ ತುಂಡಿನಲ್ಲಿ ಸುತ್ತಿ ದಾರ ಕಟ್ಟಿದ ಬಲ್ಬುಗಳು. ಕನ್ನಡಕ ಇಲ್ಲದಿದ್ದರೂ ಸೂಜಿ ಪೋಣಿಸಿ ಪಳಗಿದ ಕೈ. ಗುಂಡಿ ಅಜ್ಜಿ ಆ ಕೂದಲಿನಂಥ ತಂತಿಗಳನ್ನು ನೇವರಿಸಿ, ಮಡಿಸಿ, ಒಂದು ಹಳದಿ, ಒಂದು ನೀಲಿ ಸಿಕ್ಕಿಸಿದಳು. ಸರ ಕಿಟಕಿಗೆ ಏರಿತು. ಈ ಸಲ ಸ್ಟೂಲು ಹತ್ತಿದ್ದು ಕ್ಷೌರಿಕ, ಅಕ್ಕತಂಗಿಯರು ಕೆಳಗಿನಿಂದ ಎರಡು ಬೇರೆ ಬೇರೆ ಆಜ್ಞೆ ಕೊಟ್ಟರು. ಮೊಮ್ಮಗ ಪ್ಲಗ್ಗು ಚುಚ್ಚಿದ.

ಏನೂ ಆಗಲಿಲ್ಲ.

ಗುಂಡಿ ಅಜ್ಜಿಯ ಮುಖ ಸಣ್ಣದಾಯಿತು. "ಬಲ್ಬೂ ಹಳೇದಾಯ್ತೇನೋ" ಎಂದಳು. ಹಲೋ ಅಜ್ಜಿ ಅವಳ ಕೈ ಹಿಡಿದುಕೊಂಡಳು. ಮೊಮ್ಮಗನ ಕಣ್ಣು ಪ್ಲಗ್ಗಿನಿಂದ ಮೇಲೇರಿ ಗೋಡೆಯ ಸ್ವಿಚ್ಚಿಗೆ ಬಂತು. ಮಧ್ಯಾಹ್ನ ತಾನೇ ದೊಡ್ಡ ಮನುಷ್ಯನಂತೆ ಆಫ್ ಮಾಡಿ, ಆನ್ ಮಾಡಿ, ಆಫ್ ಮಾಡಿ ಬಿಟ್ಟ ಸ್ವಿಚ್ಚು. ಅವನು ಅಂಗಿಯ ಕಾಲರು ಸರಿಮಾಡಿಕೊಂಡ.

"ಒಂದ್ಸಲ ಆನ್ ಮಾಡಿ ನೋಡೋಣ, ಮೇಡಂ," ಎಂದು ಸ್ವಿಚ್ಚು ಒತ್ತಿದ.

ಕಿಟಕಿ ತುಂಬ ಕೆಂಪು, ಹಸಿರು, ಹಳದಿ, ನೀಲಿ. ಕ್ಷೌರಿಕ ಸ್ಟೂಲಿನ ಮೇಲಿಂದಲೇ ಚಪ್ಪಾಳೆ ತಟ್ಟಿದ. ತನ್ನ ಮಂತ್ರ ಯಂತ್ರಕ್ಕೆ ತಗುಲಿ ಕೆಲಸ ಮಾಡಿದ್ದನ್ನು ಮೊಮ್ಮಗ ಕಣ್ಣಾರೆ ಕಂಡದ್ದು ಅದೇ ಮೊದಲು.

"ಈಗ ನಿಂದು," ಎಂದಳು ಹಲೋ ಅಜ್ಜಿ, ತಂಗಿಗೆ. ಎಲ್ಲರೂ ಎದುರು ಕಟ್ಟಡದ ಕಡೆ ನೋಡಿದರು. ಕತ್ತಲ ಕಿಟಕಿ. ಅದನ್ನು ಬೆಳಗಬೇಕಾದವಳು ಇಲ್ಲಿ ಕಾಲು ನೀವಿಕೊಳ್ಳುತ್ತ ಕೂತಿದ್ದಾಳೆ.

"ಬಾಗಿಲು ಹಾಕೇ ಇಲ್ಲ, ಹಾಗೇ ಓಡಿ ಬಂದೆ," ಎಂದಳು ಗುಂಡಿ ಅಜ್ಜಿ. "ಹೋಗಿ ಹಾಕಿ ಬಾರೋ ಮರಿ. ನನ್ನ ಕೈಲಿ ಇನ್ನೊಂದು ಮೆಟ್ಟಿಲು ಆಗಲ್ಲ. ಇವತ್ತು ಇಲ್ಲೇ ಮಲಗ್ತೀನಿ."

ಮೊಮ್ಮಗ ಇಳಿದು, ಬೀದಿ ದಾಟಿ, ಮತ್ತೆ ಮೂರು ಮಹಡಿ ಹತ್ತಿದ. ಚಿಕ್ಕಜ್ಜಿಯ ಮನೆಯಲ್ಲಿ ಹೊಲಿಗೆ ಮೆಷೀನಿನ ಪಕ್ಕ, ಪರದೆಯ ಹಿಂದೆ, ಸರ ಆಗಲೇ ಕಟ್ಟಿಯಾಗಿತ್ತು. ಪ್ಲಗ್ಗು ಚುಚ್ಚಿಯಾಗಿತ್ತು. ಸ್ವಿಚ್ಚಿಗೆ ಕೈ ಎಟುಕುವಂತೆ ಕುರ್ಚಿ ಎಳೆದಿತ್ತು, ಕುರ್ಚಿಯ ಕೆಳಗೆ ಬಿದ್ದ ಕನ್ನಡಕ. ಅವನು ಕನ್ನಡಕ ಎತ್ತಿ ಒರೆಸಿ ಕಿಸೆಗೆ ಹಾಕಿಕೊಂಡ, ಪರದೆ ಸರಿಸಿದ, ಸ್ವಿಚ್ಚು ಒತ್ತಿದ.

ಆಚೆ ಕಿಟಕಿಯಲ್ಲಿ, ಬಣ್ಣದ ಬೆಳಕಿನ ನಡುವೆ, ಎರಡು ಬೆಳ್ಳಿ ತಲೆಗಳು ಪಕ್ಕಪಕ್ಕ ಬಂದು ನಿಂತವು. ನಾಲ್ಕು ಕೈಗಳು ಬೀಸಿದವು. ಕೂಡಲೇ ಎರಡು ತಲೆಗಳೂ ಒಂದರತ್ತ ಒಂದು ತಿರುಗಿ, ಕೈಗಳು ಗಾಳಿಯಲ್ಲಿ ಬೇರೆಯೇ ರೀತಿ ಆಡತೊಡಗಿದವು. ಅವನ ಮೊಬೈಲು ರಿಂಗಾಯಿತು.

"ಹಲೋ, ಒಂದು ಕಂಪ್ಲೇಂಟ್ ಇದೆ," ಎಂದಿತು ಅಜ್ಜಿಯ ದನಿ. ಹಿಂದಿನಿಂದ ಟೀವಿಯ ಸೀರಿಯಲ್ ಹಾಡು ಕೇಳುತ್ತಿತ್ತು. "ಇವಳು ಆ ಅತ್ತೇದೇನೂ ತಪ್ಪಿಲ್ಲ ಅಂತಿದಾಳೆ. ಬಂದು ಗಂಟೆ ಆಗಿಲ್ಲ, ಆಗ್ಲೇ ಶುರು!"

"ನಾನು ಹಾಗಂದಿಲ್ಲ!" ಎಂದು ಇನ್ನೊಂದು ದನಿ ಕೂಗಿತು.

ಮೊಮ್ಮಗ ಚಿಕ್ಕಜ್ಜಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತ. ದಿನವಿಡೀ ಕೂತು ಹೇಳುವುದನ್ನು ಈಗ ಮನಸ್ಸು ತುಂಬಿ ಹೇಳಿದ.

"ನಿಮ್ಮ ಕರೆ ನಮಗೆ ಅಮೂಲ್ಯ, ಮೇಡಂ. ದಯವಿಟ್ಟು ಯಾವುದನ್ನೂ ಆಫ್ ಮಾಡಬೇಡಿ."